ಹತ್ತಿರವಿದ್ದೂ ನೋಡದ ಹರಿಹರ

ದಾವಣಗೆರೆಯಿಂದ ಹರಿಹರ ಕೂಗಳತೆಯ ದೂರವೆಂಬ ಉದಾಸೀನದಿಂದಲೇ ನಾನು ವರ್ಷಗಟ್ಟಲೆ ಅಲ್ಲಿನ ದೇವಾಲಯವನ್ನು ಸಾವಧಾನವಾಗಿ ನೋಡಿರಲಿಲ್ಲ. ತುಂಗಭದ್ರೆಯ ದಡದಲ್ಲಿರುವ ಹರಿಹರೇಶ್ವರ ಗುಡಿಯನ್ನು ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದನು. ಬೇಲೂರಿನ ಶಿಲ್ಪಸಮೃದ್ಧಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಇದರ ಹೊರಗೋಡೆ ಬರಿದೆನಿಸಬಹುದು. ನನಗಂತೂ ಆ ಸಂಯಮವೇ ಹಿಡಿಸಿತು. ತೆರೆದ ಮಂಟಪದ ಅಂಚಿನಲ್ಲಿರುವ ಕಲ್ಲಿನ ಒರಗುಪೀಠವಾದ ಕಕ್ಷಾಸನಕ್ಕೆ ಒರಗಿ ಕುಳಿತು, ತಿರುಗಣಿಯಲ್ಲಿ ಕಡೆದಂತಿರುವ ಬಳಪದ ಕಲ್ಲಿನ ಕಂಬವೊಂದರ ಉಂಗುರಗಳ ಮೇಲೆ ಬೆರಳಾಡಿಸಿದರೆ, ಬೆಳಗಿನ ಬಿಸಿಲೇರಿದ್ದರೂ ಕಲ್ಲು ತಣ್ಣಗೇ ಇತ್ತು.

ಬಲಭಾಗ ಶಿವ, ಎಡಭಾಗ ವಿಷ್ಣುವಾಗಿರುವ ಮೂಲಮೂರ್ತಿಯನ್ನು ಅಂದು ಹೂವಿನ ಅಲಂಕಾರ ಪೂರ್ತಿ ಮುಚ್ಚಿತ್ತು. ಎಲ್ಲಿ ಹರ ಮುಗಿದು ಹರಿ ಆರಂಭವಾಗುತ್ತಾನೆಂದು ಕಾಣಲು ಅಭಿಷೇಕದ ವೇಳೆಗೇ ಬರಬೇಕೆಂದು ಅರ್ಚಕರು ನಗುತ್ತ ಹೇಳಿದರು. ಮುಂದಿನ ಸೋಮವಾರ ಮೊದಲ ಬಸ್ಸಿಗೇ ಹೊರಡಲಿದ್ದೇನೆ.