ನ್ಯೂಜಿಲೆಂಡ್‌ನಲ್ಲಿ ಜೆಟ್ ಬೋಟ್ ಹತ್ತಿ ಮೀನು ಹಿಡಿಯುವ ಆಸೆಯೇ? ಮೊದಲು ಬೋಟಿನ ಬಗ್ಗೆ ಕೇಳಿ

ಜೆಟ್ ಬೋಟು ಅಂದರೆ ತಳದಿಂದ ನೀರು ಎಳೆದುಕೊಂಡು, ಪಂಪಿನಿಂದ ಹಿಂದಕ್ಕೆ ಚಿಮ್ಮಿಸಿ ಓಡುವ ದೋಣಿ. ನದಿಗೆ ಹೇಳಿ ಮಾಡಿಸಿದ ಜೆಟ್ ಬೋಟು ಸರೋವರಕ್ಕೂ ಸರಿಹೋಗಬೇಕು ಅಂತೇನಿಲ್ಲ. ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪಕ್ಕೆ ಮೀನು ಹಿಡಿಯಲು ಹೋಗುವವರು ಇದೊಂದನ್ನು ತಿಳಿದುಕೊಂಡರೂ ಒಂದು ದಿನದ ದುಡ್ಡು ಉಳಿಯುತ್ತದೆ. ನಮಗೆ ಸರೋವರದ ಬೋಟು ಗೊತ್ತುಮಾಡಿಕೊಟ್ಟವರು ಇದನ್ನು ಹೇಳಲಿಲ್ಲ. ದೊಡ್ಡ ದೊಡ್ಡ ಮೀನಿನ ಫೋಟೊ ಕಳಿಸಿದರು. ಬೋಟಿನ ಬಗ್ಗೆ ಕೇಳಿದರೆ "ಜೆಟ್ ಬೋಟು, ಎಲ್ಲಿ ಬೇಕಾದರೂ ಹೋಗುತ್ತೆ" ಅಂದರು. ಹೋಗುವುದೇನೋ ಹೋಗುತ್ತದೆ. ಅಲ್ಲಿ ಮೀನು ಹಿಡಿಯಲು ಆಗುತ್ತದೆಯೇ ಅನ್ನುವುದು ಬೇರೆ ಪ್ರಶ್ನೆ.

ಮೊದಲು ಒಳ್ಳೆಯ ದಿನದ ಮಾತು ಹೇಳುತ್ತೇನೆ. ಕ್ರೈಸ್ಟ್‌ಚರ್ಚ್‌ನಿಂದ ದಕ್ಷಿಣಕ್ಕೆ ಒಂದು ಗಂಟೆಯೊಳಗೆ ರಕಾಯಾ ನದಿ ಸಿಗುತ್ತದೆ. ಅದರ ಮೇಲಿನ ರಸ್ತೆ ಸೇತುವೆ ಸುಮಾರು 1.75 ಕಿಲೋಮೀಟರ್ ಉದ್ದ, ಆ ದೇಶದಲ್ಲೇ ಅತಿ ಉದ್ದದ್ದು. ಆದರೆ ಸೇತುವೆ ಮೇಲಿಂದ ನೋಡಿದರೆ ನೀರಿಗಿಂತ ಕಲ್ಲೇ ಜಾಸ್ತಿ. ಜಲ್ಲಿಕಲ್ಲಿನ ಬಯಲಿನಲ್ಲಿ ನದಿ ಹತ್ತಾರು ಕವಲಾಗಿ ಸೇರುತ್ತಾ ಒಡೆಯುತ್ತಾ ಹರಿಯುತ್ತದೆ. ಪ್ರತಿ ನೆರೆಗೂ ಕವಲುಗಳು ಜಾಗ ಬದಲಿಸುತ್ತವೆ. ಹೋದ ತಿಂಗಳ ದಾರಿ ಈ ತಿಂಗಳು ಇರುವುದಿಲ್ಲ.

ಜೆಟ್ ಬೋಟು ಬೆಳೆದದ್ದೇ ಇಂಥ ನದಿಗಳಿಗಾಗಿ. ಅಲ್ಲಿನ ಮೆಕೆಂಜಿ ಸೀಮೆಯಲ್ಲಿ ಕುರಿ ಸಾಕುತ್ತಿದ್ದ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಇದನ್ನು ಕೆಲಸಕ್ಕೆ ಬರುವ ಹಾಗೆ ಮಾಡಿದರು. ನೀರು ಚಿಮ್ಮಿ ದೋಣಿ ತಳ್ಳುವ ಯೋಚನೆ ಅವರಿಗಿಂತ ಹಳೆಯದು. ಆದರೆ ಚಿಮ್ಮುವ ಬಾಯಿಯನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಟ್ಟಾಗ ವೇಗ ಬಂತು, ತಳದ ಕೆಳಗೆ ಏನೂ ನೇತಾಡದ ಹಾಗಾಯಿತು. 1960ರಲ್ಲಿ ಇವೇ ಬೋಟುಗಳು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕೊಲರಾಡೊ ನದಿಯ ಹರಿವಿಗೆ ಎದುರಾಗಿ ಮೇಲಕ್ಕೆ ಹತ್ತಿದವು.

ರಕಾಯಾದಲ್ಲಿ ನಮ್ಮನ್ನು ಕರೆದೊಯ್ದವರದು ಚಿಕ್ಕ ಅಲ್ಯುಮಿನಿಯಂ ಬೋಟು. ಅವರನ್ನು ಬಿಟ್ಟು ಮೂರೇ ಜನ. "ನಾಲ್ಕನೆಯವರು ಬಂದರೆ ನಾನು ಹೊರಡುವುದಿಲ್ಲ" ಅಂತ ಫೋನಿನಲ್ಲೇ ಹೇಳಿದ್ದರು. ಅದರ ಬೆಲೆ ನೀರಿಗಿಳಿದ ಮೇಲೆ ಗೊತ್ತಾಯಿತು. ಓಡುತ್ತಿರುವ ಜೆಟ್ ಬೋಟು ನೀರಿನ ಮೇಲೆ ಎದ್ದು ಜಾರುತ್ತದೆ. ಆಗ ಅದಕ್ಕೆ ಹತ್ತು ಸೆಂಟಿಮೀಟರ್ ನೀರು ಸಾಕು. ನಿಂತರೆ ಮಾತ್ರ ಒಂದು ಅಡಿಯಾದರೂ ಬೇಕು, ಮತ್ತೆ ಏಳುವುದಕ್ಕೂ ಆಳ ಬೇಕು. ಭಾರ ಜಾಸ್ತಿಯಾದಷ್ಟೂ ಏಳುವುದು ತಡವಾಗುತ್ತದೆ. ತೆಳು ನೀರಿನಲ್ಲಿ ನಿಧಾನ ಮಾಡಿದಿರೋ, ಕಲ್ಲಿನ ಮೇಲೆ ಕೂತಿರಿ. ಆಮೇಲೆ ಎಲ್ಲರೂ ಇಳಿದು ತಳ್ಳಬೇಕು. ನಮ್ಮವರು ಯಾವಾಗಲೂ ಆಳವಿರುವ ತಿರುವಿನಲ್ಲೇ ನಿಲ್ಲಿಸುತ್ತಿದ್ದರು. ಗಾಳ ಹಾಕುವುದು ದಡಕ್ಕಿಳಿದು. ಬೋಟು ಅಲ್ಲಿಗೆ ತಲುಪಿಸುವ ಗಾಡಿ ಅಷ್ಟೇ.

ಇನ್ನೊಂದು ವಿಷಯ ಭಯ ಹುಟ್ಟಿಸುತ್ತದೆ, ಮೊದಲೇ ತಿಳಿದಿರಲಿ. ಜೆಟ್ ಬೋಟಿಗೆ ಚುಕ್ಕಾಣಿ ಇಲ್ಲ. ಚಿಮ್ಮುವ ನೀರಿನ ದಿಕ್ಕೇ ಅದರ ದಿಕ್ಕು. ಹೆದರಿ ಎಂಜಿನ್ ವೇಗ ಇಳಿಸಿದರೆ ತಿರುಗುವ ಶಕ್ತಿಯೂ ಹೋಗುತ್ತದೆ. ಹಾಗಾಗಿ ಎದುರಿಗೆ ಮರದ ದಿಮ್ಮಿ ಬಂದಾಗ ನಡೆಸುವವರು ವೇಗ ಹೆಚ್ಚಿಸುತ್ತಾರೆ. ನಮ್ಮ ಭಾವ ಮೊದಲ ಸಲ ಕೂಗಿಯೇಬಿಟ್ಟರು. "ಗಟ್ಟಿಯಾಗಿ ಹಿಡಿದುಕೊಳ್ಳಿ, ನನ್ನನ್ನು ನೋಡಬೇಡಿ, ನೀರು ನೋಡಿ" ಅಂತ ಬೋಟು ನಡೆಸುವವರು ಹೇಳಿದ್ದು ಒಳ್ಳೆಯ ಸಲಹೆ.

ನದಿ ಸಮುದ್ರ ಸೇರುವ ಜಾಗಕ್ಕೆ ಮಾತ್ರ ಹೋಗಬೇಡಿ ಅಂತ ನನ್ನ ಅಭಿಪ್ರಾಯ. ಸಾಲ್ಮನ್ ಮೀನು ಬರುವ ಜನವರಿಯಿಂದ ಮಾರ್ಚ್‌ವರೆಗೆ ಜನ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ಅದು ಕೆಲವರಿಗೆ ಖುಷಿ, ನನಗೆ ಆಗುವುದಿಲ್ಲ. ಬೋಟಿಗೆ ದುಡ್ಡು ಕೊಡುವುದೇ ಜನರಿಂದ ದೂರ ಹೋಗಲು ಅಲ್ವಾ?

ರಕಾಯಾದಿಂದ, ಬೆನ್ಮೋರ್ ಸರೋವರದ ಹತ್ತಿರದ ಟ್ವೈಜಲ್ ಊರಿನ ಕಡೆಗೆ ಮೂರು ಗಂಟೆಯ ದಾರಿ. ನಡುವೆ ಫೇರ್ಲಿ ಅನ್ನುವ ಪುಟ್ಟ ಊರು ಸಿಗುತ್ತದೆ. ಅಲ್ಲಿ ನಿಲ್ಲಿಸದೆ ಹೋಗಬೇಡಿ. ಅಲ್ಲಿನ ಬೇಕರಿಯ ಪೈ ನಮ್ಮ ಬೇಕರಿ ಪಫ್ಸ್‌ಗೆ ದೊಡ್ಡಣ್ಣ ಅನ್ನಬಹುದು. ಅಂಗೈ ಅಗಲ, ಎರಡು ಇಂಚು ಎತ್ತರ, ಒಳಗೆ ಬಿಸಿ ಬಿಸಿ ಮಾಂಸದ ಗೊಜ್ಜು. ಹಂದಿಮಾಂಸಕ್ಕೆ ಸೇಬಿನ ಸಾಸ್ ಸೇರಿಸಿದ್ದನ್ನು ನಾನು ತಿಂದೆ, ಮೇಲೆ ಗರಿಗರಿ ಚರ್ಮದ ತುಂಡು ಸಿಕ್ಕಿಸಿದ್ದರು. ತಂಗಿ ತರಕಾರಿಯದ್ದು ತಿಂದಳು, ಅದೂ ಚೆನ್ನಾಗಿತ್ತು. ಬೋಟಿನ ಬುಕಿಂಗ್‌ನಲ್ಲಿ ಊಟದ ಲೆಕ್ಕಕ್ಕೆ ಹಿಡಿದ ದುಡ್ಡಿನಲ್ಲಿ ಇಂಥ ಪೈ ಮನೆಮಂದಿಗೆಲ್ಲ ಬರುತ್ತಿತ್ತು. ಊಟ ಬೇಡ, ದರ ಇಳಿಸಿ ಅಂತ ಕೇಳಿ. ಎರಡು ಪೈ ಕಟ್ಟಿಸಿಕೊಂಡು ಹೋದರೆ ನೀರಿನ ಮೇಲೆ ಮಧ್ಯಾಹ್ನದ ಊಟ ಮುಗಿಯಿತು. ಬೆಳಿಗ್ಗೆ ಬೇಗ ಹೋದರೆ ಆಯ್ಕೆ ಜಾಸ್ತಿ, ಮಧ್ಯಾಹ್ನಕ್ಕೆ ಕೆಲವು ಖಾಲಿಯಾಗಿರುತ್ತವೆ.

ಈಗ ಬೆನ್ಮೋರ್ ಸರೋವರ. ಟ್ರೌಟ್ ಮೀನಿಗೆ ಹೆಸರಾದ ಜಾಗ. ಸರೋವರದಲ್ಲಿ ಬೋಟನ್ನು ತೀರಾ ನಿಧಾನವಾಗಿ ಓಡಿಸುತ್ತಾ ಹಿಂದೆ ಗಾಳ ಎಳೆಯಬೇಕು, ಟ್ರೋಲಿಂಗ್ ಅನ್ನುವುದು ಇದಕ್ಕೇ. ನಮಗೆ ಸಿಕ್ಕಿದ್ದು ನದಿಯಲ್ಲಿ ಹಾರಿಸುವ ದೊಡ್ಡ ಜೆಟ್ ಬೋಟು, ಆರು ಜನ. ನಿಧಾನ ಮಾಡಿದ ಕೂಡಲೇ ಮೂತಿ ಎಡಕ್ಕೆ, ಬಲಕ್ಕೆ ಅಲೆಯತೊಡಗಿತು. ತಿರುಗಿಸಲು ವೇಗ ಬೇಕು, ವೇಗ ಕೊಟ್ಟರೆ ಗಾಳ ಮೇಲೆದ್ದು ಬರುತ್ತದೆ. ದಾರಗಳು ಒಂದಕ್ಕೊಂದು ಸುತ್ತಿಕೊಂಡವು. ಇಂಥ ಕೆಲಸಕ್ಕೆ ಹಿಂಬದಿಯಲ್ಲಿ ಪ್ರೊಪೆಲ್ಲರ್ ಇರುವ ಸಣ್ಣ ಎರಡನೇ ಎಂಜಿನ್ ಇರಬೇಕು. ಇದರಲ್ಲಿ ಇರಲಿಲ್ಲ.

ದಡದ ಹತ್ತಿರ ಹೋದರೆ ಇನ್ನೊಂದು ಪಾಡು. ಆ ಸರೋವರದ ಅಂಚುಗಳಲ್ಲಿ ನೀರಿನೊಳಗೆ ಕಳೆಗಿಡ ದಟ್ಟವಾಗಿ ಬೆಳೆದಿದೆ. ಜೆಟ್ ಪಂಪು ತಳದಿಂದ ನೀರು ಎಳೆದುಕೊಳ್ಳುವಾಗ ಕಳೆಯೂ ಬಂದು ಜಾಲರಿಗೆ ಮೆತ್ತಿಕೊಳ್ಳುತ್ತದೆ. ಎಂಜಿನ್ ಅರಚುತ್ತದೆ, ಬೋಟು ಮುಂದೆ ಹೋಗುವುದಿಲ್ಲ. ಗೇರು ನಡುವೆ ಇಟ್ಟು ಸುಮ್ನೆ ನಿಂತರೂ ಹೆಚ್ಚಿನ ಬೋಟುಗಳಲ್ಲಿ ಪಂಪು ತಿರುಗುತ್ತಲೇ ಇರುತ್ತದೆ. ಕಳೆ, ಹಗ್ಗ, ಗಾಳದ ದಾರ ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಪ್ರತಿ ಸಲ ಎಂಜಿನ್ ನಿಲ್ಲಿಸಿ, ಹಿಂದಿನ ಮುಚ್ಚಳ ತೆಗೆದು, ಕೈಹಾಕಿ ಕಿತ್ತು ತೆಗೆಯಬೇಕಾಯಿತು. ಅರ್ಧ ದಿನ ಇದರಲ್ಲೇ ಕಳೆಯಿತು. ಮೀನಿಲ್ಲದಿದ್ದರೆ ಬೇಸರವಿಲ್ಲ, ಅದು ಅದೃಷ್ಟ. ಸರೋವರಕ್ಕೆ ಹೊಂದದ ಬೋಟು ತಂದು ಪೂರ್ತಿ ದರ ತೆಗೆದುಕೊಂಡದ್ದು ಮೋಸ. ವಾದ ಮಾಡಿದರೂ ಒಂದು ಡಾಲರ್ ಬಿಡಲಿಲ್ಲ.

ಅಲ್ಲಿನ ನಿಯಮ ಬೇರೆ ಇದೆ. ವೇಗಕ್ಕೆ ವಿನಾಯಿತಿ ಕೊಟ್ಟ ಜಾಗ ಬಿಟ್ಟರೆ ದಡದಿಂದ 200 ಮೀಟರ್ ಒಳಗೆ ಮತ್ತು ಬೇರೆ ಬೋಟು, ಈಜುವವರಿಂದ 50 ಮೀಟರ್ ಒಳಗೆ 5 ನಾಟ್ (ಗಂಟೆಗೆ ಸುಮಾರು 9 ಕಿಲೋಮೀಟರ್) ಮೀರುವಂತಿಲ್ಲ. ಜೆಟ್ ಬೋಟಿಗೆ ಒಗ್ಗದ ವೇಗ ಅದೇ.

ಆದ್ದರಿಂದ ಫೋನಿನಲ್ಲೇ ಕೇಳಿ. ಎಷ್ಟು ಜನ ಹತ್ತುತ್ತಾರೆ? ಸರೋವರವಾದರೆ ಎರಡನೇ ಎಂಜಿನ್ ಇದೆಯೇ? ಪಂಪಿನ ಜಾಲರಿ ಒಳಗಿಂದಲೇ ಕೆರೆಯುವ ವ್ಯವಸ್ಥೆ ಇದೆಯೇ? ತಳ ಚಪ್ಪಟೆಯೋ, ವಿ ಆಕಾರದ್ದೋ? ಚಪ್ಪಟೆ ತಳ ತೆಳು ನೀರಿನಲ್ಲಿ ಚೆನ್ನ, ಆದರೆ ಗಾಳಿ ಎದ್ದ ಸರೋವರದಲ್ಲಿ ಬೆನ್ನು ಮುರಿಯುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ಜಾರುತ್ತದೆ. ಸ್ವಂತ ಬೋಟು ಕೊಳ್ಳುವ ಯೋಚನೆ ಇರುವವರಿಗೂ ಇವೇ ಪ್ರಶ್ನೆಗಳು. ಹಿಂದೆ ನೇತುಹಾಕುವ ಔಟ್‌ಬೋರ್ಡ್ ಎಂಜಿನ್‌ಗೆ ಜೆಟ್ ಕೂರಿಸಿದರೆ ಸುಮಾರು ಶೇಕಡ 30ರಷ್ಟು ಶಕ್ತಿ ಕಳೆದುಹೋಗುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಂದೇ ಬೋಟು ಎರಡಕ್ಕೂ ಬೇಕೆಂದರೆ ಸ್ವಲ್ಪ ವಿ ತಳದ, ಒಳಗೆ ಕೂರಿಸಿದ ಜೆಟ್ ಎಂಜಿನ್ನಿನ, ಜೊತೆಗೆ ಸಣ್ಣ ಎಂಜಿನ್ ಇರುವ ಬೋಟನ್ನೇ ನಾನು ಆರಿಸುತ್ತೇನೆ.

ಮಳೆಯ ಬಗ್ಗೆಯೂ ಕೇಳಿಕೊಳ್ಳಿ. ವಾಯವ್ಯದ ಗಾಳಿ ಬೀಸಿದಾಗ ದೂರದ, ಆ ದ್ವೀಪದ್ದೇ ಆದ ಸದರ್ನ್ ಆಲ್ಪ್ಸ್ ಬೆಟ್ಟಗಳಲ್ಲಿ ಸುರಿದ ಮಳೆಗೆ, ಬಯಲಿನಲ್ಲಿ ಬಿಸಿಲಿದ್ದರೂ ರಕಾಯಾ ಕದಡಿ ಉಕ್ಕುತ್ತದೆ. ಆಗ ಯಾರೂ ಹೊರಡುವುದಿಲ್ಲ, ಮುಂಗಡ ವಾಪಸ್ ಬರುತ್ತದೆಯೇ ಅನ್ನುವುದನ್ನು ಬರಹದಲ್ಲಿ ಪಡೆಯಿರಿ. ನದಿಗಳ ಹರಿವನ್ನು ಕ್ಯಾಂಟರ್ಬರಿ ಪ್ರಾದೇಶಿಕ ಮಂಡಳಿ ಆನ್‌ಲೈನ್‌ನಲ್ಲಿ ಹಾಕುತ್ತದೆ, ಹಿಂದಿನ ರಾತ್ರಿ ನೋಡಿ. ಹೊರದೇಶದವರ ಮೀನು ಲೈಸೆನ್ಸ್ ಬೇರೆ, ದರವೂ ಜಾಸ್ತಿ. ಬಳಸಿದ ಗಾಳ, ಬೂಟು ಒಯ್ಯುವುದಾದರೆ ತೊಳೆದು ಒಣಗಿಸಿ, ವಿಮಾನ ನಿಲ್ದಾಣದಲ್ಲಿ ತಾವಾಗಿಯೇ ತೋರಿಸಿ. ಫೆಲ್ಟ್ (ಒತ್ತಿ ಮಾಡಿದ ಉಣ್ಣೆಯಂಥ ಬಟ್ಟೆ) ಅಟ್ಟೆಯ ಬೂಟು ಹಾಕಿ ಅಲ್ಲಿ ಮೀನು ಹಿಡಿಯುವಂತಿಲ್ಲ, ರಬ್ಬರ್ ಅಟ್ಟೆಯದ್ದನ್ನೇ ಒಯ್ಯಿರಿ.