ಬಸಿಗಾಲುವೆಯ ಜಗಳ, ಇಂಗ್ಲಿಷಿನ ‘ಇಫ್’

ಆಷಾಢದ ಮಳೆ, ಕರೆಂಟಿಲ್ಲ. ತೀರ್ಥಹಳ್ಳಿ ಹತ್ತಿರದ ಒಂದು ಮನೆಯ ಜಗಲಿಯಲ್ಲಿ ಎಂಟು ಜನ ಪದವಿ ವಿದ್ಯಾರ್ಥಿಗಳು ಇಂಗ್ಲಿಷ್ ಮಾತಿನ ಅಭ್ಯಾಸಕ್ಕೆ ಕೂತಿದ್ದರು. ಅಂದಿನ ಪಾಠ ಕಂಡೀಷನಲ್, ಅಂದರೆ ‘ಹೀಗಾದರೆ ಹಾಗೆ’ ಅನ್ನುವ ‘ಇಫ್’ ವಾಕ್ಯಗಳು. ಅದಕ್ಕೆ ಪಾತ್ರ ಹಾಕಿ ಆಡಲು ಒಂದು ಜಗಳ: ಮೇಲಿನ ತೋಟದವರು ಬಸಿಗಾಲುವೆಯ ಹೂಳು ತೆಗೆಸಿಲ್ಲ, ನೀರು ಉಕ್ಕಿ ಕೆಳಗಿನ ಅಡಿಕೆ ತೋಟದಲ್ಲಿ ನಿಂತಿದೆ. ಒಂದೊಂದು ಜೋಡಿಗೆ 5 ನಿಮಿಷ. ಮೊದಲು ಕನ್ನಡದಲ್ಲಿ ಜಗಳ, ಆಮೇಲೆ ಅದೇ ಜಗಳ ಇಂಗ್ಲಿಷಿನಲ್ಲಿ.

ಕನ್ನಡದಿಂದ ಶುರುಮಾಡುವುದೇ ಸರಿ. ಈ ವಾಕ್ಯಗಳನ್ನು ಟೈಪ್ ಒಂದು, ಎರಡು, ಮೂರು ಅಂತ ಬಾಯಿಪಾಠ ಮಾಡಿದವರು ಬಿಟ್ಟ ಸ್ಥಳ ತುಂಬುತ್ತಾರೆ, ಮಾತಿಗೆ ನಿಂತಾಗ ತಡವರಿಸುತ್ತಾರೆ. ಜಗಳಕ್ಕೆ ಇಳಿದರೆ ‘ರೆ’ ತಾನಾಗಿ ಬಾಯಿಗೆ ಬರುತ್ತದೆ.

“ನೀವು ಹೇಳಿದ್ರೆ ಆಳು ಕಳಿಸ್ತಿದ್ದೆ ಮಾರಾಯ್ರೆ” ಅಂದ ಮೇಲಿನ ತೋಟದವನು. ಇಂಗ್ಲಿಷಿನಲ್ಲಿ ಅದು “ಇಫ್ ಯು ಟೋಲ್ಡ್, ಐ ವಾಸ್ ಸೆಂಡಿಂಗ್ ವರ್ಕರ್ಸ್” ಆಯಿತು. ಈ ತಪ್ಪಿನ ಬೇರು ಕನ್ನಡದಲ್ಲಿದೆ. ‘ಹೇಳಿದರೆ’, ‘ಹೇಳಿದ್ದರೆ’ ಬರಹದಲ್ಲಿ ಬೇರೆ ಬೇರೆ. ಮಾತಿನಲ್ಲಿ ಎರಡೂ ‘ಹೇಳಿದ್ರೆ’. ‘ಕಳಿಸ್ತಿದ್ದೆ’ಯೂ ಹಾಗೆಯೇ: ಹಿಂದೆ ರೂಢಿಯಲ್ಲಿದ್ದ ಕೆಲಸಕ್ಕೂ ಅದೇ, ಆಗದೇ ಉಳಿದ ಕೆಲಸಕ್ಕೂ ಅದೇ. ಅದಕ್ಕೇ ವಾಕ್ಯದ ಬಾಲ ಹಿಡಿಯಬೇಕು. ಬಾಲದಲ್ಲಿ ‘ಕಳಿಸ್ತೀನಿ’ ಇದ್ದರೆ ‘ವಿಲ್’. ‘ಕಳಿಸ್ತಿದ್ದೆ’ ಇದ್ದರೆ ಇನ್ನೊಂದು ಪ್ರಶ್ನೆ: ಈಗಿನ ಮಾತೋ, ಅವತ್ತಿನದೋ? ಈಗಿನದಾದರೆ ‘ಇಫ್ ಐ ಹ್ಯಾಡ್ ಮನಿ, ಐ ವುಡ್ ಪೇ’. ಅವತ್ತಿನದಾದರೆ ‘ಇಫ್ ಯು ಹ್ಯಾಡ್ ಟೋಲ್ಡ್ ಮಿ, ಐ ವುಡ್ ಹ್ಯಾವ್ ಸೆಂಟ್ ವರ್ಕರ್ಸ್’. ‘ಈಗ’, ‘ಅವತ್ತು’ ಎಂಬ ಎರಡು ಚೀಟಿ ಕೈಯಲ್ಲಿ ಹಿಡಿದು, ಮಾತಾಡುವ ಮುಂಚೆ ಒಂದನ್ನು ಎತ್ತಿ ತೋರಿಸಬೇಕು. ನಾಲ್ಕನೇ ಸುತ್ತಿಗೆ ಚೀಟಿ ಬೇಕಾಗಲಿಲ್ಲ.

‘ಇಫ್ ಇಟ್ ವಿಲ್ ರೇನ್ ಟುಮಾರೋ’ ಎಂಬುದು ಎಲ್ಲರ ಬಾಯಲ್ಲೂ ಬರುವ ತಪ್ಪು. ನಾಳೆಯ ಮಾತಲ್ಲವೇ, ವಿಲ್ ಬೇಡವೇ ಅಂತ ಕೇಳುತ್ತಾರೆ. ನಾಳೆ ಮಳೆ ‘ಬರುವರೆ’ ಅಂತ ನಾವು ಅನ್ನುತ್ತೇವೆಯೇ? ‘ಬಂದರೆ’ ಅನ್ನುತ್ತೇವೆ, ಅದರೊಳಗೆ ಇರುವುದು ಭೂತಕಾಲದ ‘ಬಂದ’. ಇಂಗ್ಲಿಷಿನಲ್ಲೂ ವಿಲ್ ಬೇಡ, ‘ಇಫ್ ಇಟ್ ರೇನ್ಸ್’ ಸಾಕು. ಇದು ಹೊಳೆದವರು ಆ ತಪ್ಪನ್ನು ಬೇಗ ಬಿಡುತ್ತಾರೆ. ‘ಅನ್‌ಲೆಸ್ ಯು ಡೋಂಟ್ ಕ್ಲಿಯರ್’ ಎಂಬ ತಪ್ಪು ಮಾತ್ರ ಕನ್ನಡದಿಂದಲೇ ಹುಟ್ಟುತ್ತದೆ. ‘ತೆಗೆಸದಿದ್ರೆ’ಯ ಒಳಗಿನ ‘ಇಲ್ಲ’ವನ್ನು ಅನ್‌ಲೆಸ್ ಆಗಲೇ ನುಂಗಿರುತ್ತದೆ, ಮತ್ತೆ ‘ಡೋಂಟ್’ ಬೇಡ.

ಇನ್ನು ಜಗಳದ ಪದಗಳು. ‘ನನ್ನ ಮೇಲೆ ಕೋಪ’ ಅನ್ನುವುದನ್ನು ‘ಆಂಗ್ರಿ ಆನ್ ಮಿ’ ಮಾಡಿಬಿಡುತ್ತಾರೆ. ಅಲ್ಲಿ ‘ವಿತ್’ ಬೇಕು. ಬರೀ ಮಾತಿನ ಜಗಳಕ್ಕೆ ‘ಫೈಟ್’ ಅಂದರೆ ಕೇಳುವವರು ಹೊಡೆದಾಟ ಅಂದುಕೊಳ್ಳಬಹುದು, ‘ಆರ್ಗ್ಯುಮೆಂಟ್’ ಸಾಕು. ಗಡಿಕಲ್ಲಿನ ತಕರಾರಿಗೆ ‘ಡಿಸ್‌ಪ್ಯೂಟ್’. ಮಾತು ಬಿಟ್ಟಿದ್ದರೆ ‘ನಾಟ್ ಆನ್ ಸ್ಪೀಕಿಂಗ್ ಟರ್ಮ್ಸ್’, ಮತ್ತೆ ಒಂದಾದರೆ ‘ಮೇಡ್ ಅಪ್’. ‘ಐ ಆಮ್ ನಾಟ್ ಅಗ್ರೀ’ ತಪ್ಪು, ‘ಐ ಡೋಂಟ್ ಅಗ್ರೀ’ ಸರಿ. ನೆರೆಯವರ ಮುಖಕ್ಕೆ ಅದು ಒರಟಾಯಿತು ಅನ್ನಿಸಿದರೆ ‘ಐ ಸೀ ಯುವರ್ ಪಾಯಿಂಟ್, ಬಟ್’ ಅಂತ ಶುರುಮಾಡಬಹುದು.

ಅಂದಿನ ಅಭ್ಯಾಸದಲ್ಲಿ ಬಹಳ ಹಿಡಿಸಿದ್ದು ಜಗಳ ತಿರುಗಿದ ರೀತಿ. ಮೊದಲ 2 ನಿಮಿಷ ಬರೀ ‘ಹ್ಯಾಡ್’: ನೀವು ಕಾಲುವೆ ತೆಗೆಸಿದ್ದರೆ, ನೀವು ಮಳೆಗೆ ಮುಂಚೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಹೊಡೆದಿದ್ದರೆ ಅಡಿಕೆಗೆ ಇಷ್ಟು ಕೊಳೆರೋಗ ಬರ್ತಿರಲಿಲ್ಲ ಅಂತ ಇಬ್ಬರೂ ಹಳೆಯದನ್ನೇ ಕೆದಕುತ್ತಿದ್ದರು. ಆಮೇಲೆ ಒಂದೇ ಷರತ್ತು ಹಾಕಲಾಯಿತು: ಇನ್ನು ‘ಹ್ಯಾಡ್’ ಇಲ್ಲ, ‘ವುಡ್’ ಮಾತ್ರ. ಕೆಳಗಿನ ತೋಟದ ಹುಡುಗಿ ಸ್ವಲ್ಪ ಯೋಚಿಸಿ, “ವುಡ್ ಯು ಕ್ಲಿಯರ್ ಇಟ್ ಇಫ್ ಐ ಪೇಯ್ಡ್ ಹಾಫ್?” ಅಂದಳು. ದನಿಯೇ ಇಳಿದಿತ್ತು. ಆಗದ್ದನ್ನು ಹೇಳುವಾಗ ಬರುವ ಆ ಭೂತಕಾಲದ ‘ಪೇಯ್ಡ್’ ಇಲ್ಲಿ ವಿನಯವಾಗಿತ್ತು. ಒಪ್ಪದಿದ್ದರೂ ಪರವಾಗಿಲ್ಲ ಅನ್ನುವ ಜಾಗ ಎದುರಿನವನಿಗೆ ಸಿಕ್ಕಿತ್ತು.

ಅವನು ಚೀಟಿ ಕೆಳಗಿಟ್ಟು, ಪ್ರತಿ ಪದ ಬಿಡಿಸಿ ಹೇಳಿದ: “ಇಫ್ ಯು ಸೆಂಡ್ ಟೂ ವರ್ಕರ್ಸ್ ಆನ್ ಸ್ಯಾಟರ್‌ಡೇ, ಐ ವಿಲ್ ಸೆಂಡ್ ಟೂ.”