ನಮ್ಮ ತಿಪಟೂರಿನವರು

ನಿನ್ನೆ ರಾತ್ರಿ ಊಟ ಆದ ಮೇಲೆ 1965ರ ‘ಸತ್ಯ ಹರಿಶ್ಚಂದ್ರ’ ಹಾಕಿಕೊಂಡು ಕೂತಿದ್ದೆ. ನಕ್ಷತ್ರಿಕನ ಪಾತ್ರದಲ್ಲಿ ಹಾಸ್ಯನಟ ನರಸಿಂಹರಾಜು ಬಂದು ಸಾಲ ಸಾಲ ಅಂತ ಹರಿಶ್ಚಂದ್ರನ ಪ್ರಾಣ ಹಿಂಡುತ್ತಿದ್ದ. ಪಕ್ಕದಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದ ಅಜ್ಜಿ, "ನರಸಿಂಹರಾಜು ನಮ್ಮ ತಿಪಟೂರಿನವ್ರು ಕಣೋ" ಅಂದರು. ಒಡಹುಟ್ಟಿದ ಅಣ್ಣನೇನೋ ಅನ್ನೋ ಹಾಗೆ!

ತಿಪಟೂರು ಅಂದ್ರೆ ನನಗೆ ಕೊಬ್ಬರಿ ರೇಟಿನ ಮಾತಷ್ಟೇ ನೆನಪಾಗೋದು. 1923ರಲ್ಲಿ ಅಲ್ಲಿ ಹುಟ್ಟಿದ ಹುಡುಗ ಚಿಕ್ಕಂದಿನಲ್ಲೇ ಬಣ್ಣ ಹಚ್ಚಿದ. ಮುಂದೆ ಗುಬ್ಬಿ ನಾಟಕ ಕಂಪನಿ. (ಗುಬ್ಬಿಯೂ ನಮ್ಮ ಜಿಲ್ಲೆಯದೇ, ಅಜ್ಜಿ ಅದನ್ನೂ ಬಿಡಲಿಲ್ಲ.) 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂತು. ರಾಜ್‌ಕುಮಾರ್ ನಾಯಕರಾದ ಮೊದಲ ಸಿನಿಮಾ ಅದು. ಆಮೇಲೆ ಎಷ್ಟೋ ಸಿನಿಮಾಗಳಲ್ಲಿ ರಾಜ್‌ಕುಮಾರ್ ಇದ್ರೆ ನರಸಿಂಹರಾಜೂ ಇರಲೇಬೇಕು.

ಉಬ್ಬು ಹಲ್ಲು, ಸಣಕಲು ಮೈ. ಈಗಾಗಿದ್ರೆ ಮೊದಲು ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡು ಬಾ ಅಂತಿದ್ರೇನೋ. ಆದರೆ ನನಗೆ ಇಷ್ಟ ಆಗೋದು ಹಲ್ಲಲ್ಲ, ಮಾತು. ಎಷ್ಟು ಬೇಗ ಮಾತಾಡಿದರೂ ಒಂದಕ್ಷರ ನುಂಗುವುದಿಲ್ಲ. ನಾಟಕದ ಕೊನೇ ಸಾಲಿನವರಿಗೂ ಕೇಳಿಸಬೇಕಿದ್ದ ಗಂಟಲು ಅದು. ಇವತ್ತಿನ ಕಾಮಿಡಿ ಸೀನುಗಳಲ್ಲಿ ಗಲಾಟೆ ಜಾಸ್ತಿ, ಮಾತು ಕಮ್ಮಿ ಅಲ್ವಾ?

1974ರಲ್ಲಿ ‘ಪ್ರೊಫೆಸರ್ ಹುಚ್ಚೂರಾಯ’ ಅಂತ ತಾವೇ ನಿರ್ಮಿಸಿ, ತಾವೇ ಮುಖ್ಯ ಪಾತ್ರ ಮಾಡಿದರು. 1979ರಲ್ಲಿ ಹೋಗಿಬಿಟ್ಟರು. ಅರವತ್ತೂ ತುಂಬಿರಲಿಲ್ಲ. ಅದನ್ನು ಓದಿ ಹೇಳಿದಾಗ ಅಜ್ಜಿ ಸುಮ್ನೆ ಎಲೆ ಮಡಿಚಿ ಬಾಯಿಗಿಟ್ಟುಕೊಂಡರು. ಆಮೇಲೆ, "ಅದೇ ಸೀನು ಇನ್ನೊಂದ್ಸಲ ಹಾಕು" ಅಂದರು.